ಹುಬ್ಬಳ್ಳಿ ಬಿಟ್ಟು ಬ್ಯಾರೆ ರಾಜ್ಯಕ್ಕ ಹೊಂಟೀರೇನು? ಅಲ್ಲಿ ನೌಕರಿ ಹುಡುಕೂದು ಹೆಂಗ ಅಂತ ಹೇಳ್ತೀನಿ ನೋಡ್ರಿ

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪುಣೆ, ಗೋವಾ, ಹೈದರಾಬಾದ್ ಅಂತ ಹೋಗೋರು ಹಿಂದಿಂದಾನೂ ಅದಾರ. ನೌಕರಿ ಗಟ್ಟಿ ಮಾಡ್ಕೊಂಡ ಹೋಗೋರ ಚಿಂತಿ ಬ್ಯಾರೆ. ನಾ ಇಲ್ಲಿ ಬರೆಯಾಕತ್ತಿದ್ದು ಮೊದ್ಲ ಊರು ಬಿಟ್ಟು ಆಮ್ಯಾಲ ನೌಕರಿ ಹುಡುಕೋ ಪ್ರಸಂಗ ಬಂದವ್ರ ಸಲುವಾಗಿ. ಗಂಡಗ ಟ್ರಾನ್ಸ್‌ಫರ್ ಆಗೇತಿ ಅಂತ ಚಲೋ ನಡದಿದ್ದ ಕೆಲಸ ಬಿಟ್ಟು ಹೊಂಟ ಅಕ್ಕಾರು, ಮದುವಿ ಆಗಿ ಮಿರಜ್ ಸಾಂಗ್ಲಿ ಕಡೆ ಹೋದ ಹುಡುಗ್ಯಾರು, ಇಲ್ಲಿ ಕಾಂಟ್ರಾಕ್ಟ್ ಮುಗೀತು, ಅಣ್ಣ ಪುಣೆದಾಗ ಅದಾನ, ಬಾ ಅಂದ ಅಂತ ಬ್ಯಾಗ್ ಕಟ್ಟಿದ ಐಟಿಐ ಹುಡುಗ್ರು. ಇವ್ರಿಗೆ ಕೆಲಸ ಬರ್ತೈತಿ, ಅನುಭವಾನೂ ಐತಿ, ಆದ್ರ ಅದನ್ನ ಹೊಸ ಊರಾಗ ತೋರಿಸಾಕ ಬೇಕಾದ ಕಾಗದ ಅರ್ಧ ಇಲ್ಲೇ ಉಳದಿರ್ತಾವ. ರಾಜ್ಯದ ಗಡಿ ದಾಟಿದ ಮ್ಯಾಲ ಯಾವುದು ತಾನಾಗೆ ನಿಮ್ಮ ಜೊತಿ ಬರ್ತೈತಿ, ಯಾವುದನ್ನ ನೀವ ಓಡ್ಯಾಡಿ ಬದಲಿ ಮಾಡಿಸಬೇಕು, ಯಾವುದು ಬರೂದ ಇಲ್ಲ, ಇಷ್ಟು ಗೊತ್ತಿದ್ರ ಅರ್ಧ ಸಂಕಟ ತಪ್ಪತೈತಿ. ಪುಣೆ ಉದಾಹರಣಿ ಹೆಚ್ಚು ಕೊಡ್ತೀನಿ, ಬ್ಯಾರೆ ಊರಿಗೂ ಬಹಳಷ್ಟು ಇದ ಲೆಕ್ಕ ನಡೀತೈತಿ.

ಎಲ್ಲಕ್ಕಿಂತ ಮೊದ್ಲ: ರಾಜೀನಾಮೆ ಬರೆಯೂಕಿಂತ ಮೊದ್ಲ

ನೀವು ಈಗ ಇರೋ ಕಂಪನಿದು ಅಲ್ಲಿ ಬ್ರಾಂಚ್ ಐತೇನು ನೋಡ್ರಿ. ಬ್ಯಾಂಕು, ಇನ್ಶುರೆನ್ಸು, ದೊಡ್ಡ ಬಟ್ಟಿ ಅಂಗಡಿ ಚೈನ್, ಮೆಡಿಕಲ್ ಚೈನ್, ಟ್ರಾನ್ಸ್‌ಪೋರ್ಟ್ ಕಂಪನಿ, ಇವೆಲ್ಲ ಎರಡೂ ಕಡೆ ಇರ್ತಾವ. ಟ್ರಾನ್ಸ್‌ಫರ್ ಕೇಳಾಕ ಸಂಕೋಚ ಬ್ಯಾಡ. "ಇಲ್ಲ" ಅಂದ್ರ ಆವಾಗ ರಾಜೀನಾಮೆ ಇದ್ದ ಐತಿ. ಭಾಳ ಮಂದಿ ಹೆಣ್ಮಕ್ಕಳು ಕೇಳೂದ ಇಲ್ಲ, ಮನಿಯಾಗ ಹೋಗೂದು ಅಂತ ತೀರ್ಮಾನ ಆದ ಮರುದಿನಾನ ನೌಕರಿ ಬಿಟ್ಟು ಬಿಡ್ತಾರ, ಅದು ನನಗ ಭಾಳ ಬ್ಯಾಸರ ಆಗ್ತೈತಿ.

ಟ್ರಾನ್ಸ್‌ಫರ್ ಆಗೂದಿಲ್ಲ ಅಂದ್ರ ನೋಟಿಸ್ ಪೀರಿಯಡ್ ಪೂರಾ ಮುಗಿಸಿ ಹೊರಗ ಬರ್ರಿ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್, ಕಡೀ 3 ತಿಂಗಳ ಪಗಾರ ಸ್ಲಿಪ್ಪು, ಆ ವರ್ಷದ ಪಗಾರಕ್ಕ ಟ್ಯಾಕ್ಸ್ ಹಿಡದಿದ್ರ ಅದರ ಲೆಕ್ಕ, ಇಷ್ಟೂ ಕೈಯಾಗ ಇರಬೇಕು. ದೊಡ್ಡ ಕಂಪನಿದಾಗ ಇದು ತಾನಾಗೆ ಸಿಗ್ತೈತಿ. ಆದ್ರ ಗೋಕುಲ ರೋಡ್, ತಾರಿಹಾಳ ಕಡೆ ಸಣ್ಣ ಸಣ್ಣ ವರ್ಕ್‌ಶಾಪ್‌ನಾಗ ದುಡಿಯೋ ನಮ್ಮ ಹುಡುಗ್ರಿಗೆ ಸ್ಲಿಪ್ಪೂ ಇರೂದಿಲ್ಲ, ಲೆಟರೂ ಇರೂದಿಲ್ಲ, ಪಗಾರ ಕೈಯಾಗ ಕೊಟ್ಟಿರ್ತಾರ. ನೀವು ಹೋಗಿ ಸಾಹುಕಾರ್ರ ಮುಂದ ನಿಂತು, ಲೆಟರ್‌ಹೆಡ್ ಮ್ಯಾಲ ನಾಕ ಸಾಲು ಬರ್ಸ್ಕೊಂಡ ಬರ್ರಿ: ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಯಾವ ಮಷಿನ್ ಮ್ಯಾಲ, ಏನು ಕೆಲಸ, ಕೆಳಗ ಸಹಿ, ಸಿಕ್ಕಾ, ಫೋನ್ ನಂಬರ್. ಊರಾಗ ಇದ್ದಾಗ ಅರ್ಧ ತಾಸಿನಾಗ ಆಗೋ ಕೆಲಸ ಇದು, ಪುಣೆಗೆ ಹೋಗಿ ಫೋನ್‌ನಾಗ ಕೇಳಿದ್ರ ನಾಳೆ ನಾಡಿದ್ದು ಅನ್ಕೋತ ತಿಂಗಳುಗಟ್ಲೆ ಹೋಗ್ತೈತಿ. ಪಗಾರ ಬ್ಯಾಂಕಿಗೆ ಬರ್ತಿದ್ರ ಸ್ಟೇಟ್‌ಮೆಂಟ್ ತಗೊಂಡ ಇಟ್ಕೊಳ್ರಿ, ಸ್ಲಿಪ್ ಇಲ್ಲದವ್ರಿಗೆ ಅದ ಪುರಾವೆ.

ಆಮ್ಯಾಲ ಪಿಎಫ್. ಯುಎಎನ್ ನಂಬರ್‌ಗೆ (ಅಂದ್ರ ನಿಮ್ಮ ಪಿಎಫ್‌ದು ಕಾಯಂ ನಂಬರ್) ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಮೊಬೈಲ್ ನಾಕೂ ಜೋಡಣಿ ಆಗ್ಯಾವೇನು ನೋಡ್ರಿ. ಹೆಸ್ರು ಎಲ್ಲಾ ಕಡೆ ಒಂದ ಥರ ಐತೇನು ನೋಡ್ರಿ, ಇಲ್ಲೇ ನಮ್ಮ ಮಂದಿ ಸಿಕ್ಕಿಬೀಳೂದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಾಗ ಹೆಸ್ರ ಜೊತಿ ಅಪ್ಪನ ಹೆಸ್ರು, ಅಡ್ಡಹೆಸ್ರು ಎಲ್ಲಾ ಪೂರಾ ಇರ್ತೈತಿ, ಆಧಾರ್‌ನಾಗ ಬರೇ ಇನಿಶಿಯಲ್ ಇರ್ತೈತಿ, ಪಿಎಫ್‌ನಾಗ ಸ್ಪೆಲಿಂಗ್ ಮತ್ತೊಂದು. ಮದುವಿ ಆದ ಹೆಣ್ಮಕ್ಕಳದ್ದು ಇನ್ನೂ ತೊಡಕು, ಸರ್ಟಿಫಿಕೇಟ್ ಪೂರಾ ತವರಮನಿ ಹೆಸ್ರಿನಾಗ, ಆಧಾರ್ ಗಂಡನ ಮನಿ ಹೆಸ್ರಿಗೆ. ನನ್ನ ಮಾತು ಕೇಳಿದ್ರ ನೌಕರಿ ಹುಡುಕೋ ಹೊತ್ತಿನಾಗ ಹೆಸ್ರು ಬದಲಿ ಮಾಡಿಸಾಕ ಹೋಗಬ್ಯಾಡ್ರಿ, ತವರಮನಿ ಹೆಸ್ರ ಇರ್ಲಿ, ಕಾನೂನು ಬದಲಿ ಮಾಡಂತ ಎಲ್ಲೂ ಹೇಳೂದಿಲ್ಲ. ಈಗಾಗ್ಲೇ ಬದಲಿ ಆಗಿದ್ರ ಮ್ಯಾರೇಜ್ ಸರ್ಟಿಫಿಕೇಟ್ ಫೈಲ್‌ನಾಗ ಮೊದ್ಲನೇ ಕಾಗದ ಆಗಿ ಇರಬೇಕು.

ಮಾರ್ಕ್ಸ್ ಕಾರ್ಡು ಡಿಜಿಲಾಕರ್‌ನಾಗ ಇಳಿಸ್ಕೊಳ್ರಿ. ಕರ್ನಾಟಕ ವಿಶ್ವವಿದ್ಯಾಲಯದ ಡಿಗ್ರಿ ಇದ್ದು ಘಟಿಕೋತ್ಸವದ ಸರ್ಟಿಫಿಕೇಟ್ ಇನ್ನೂ ತಗೊಂಡಿಲ್ಲಂದ್ರ ಊರು ಬಿಡೂಕಿಂತ ಮೊದ್ಲ ಧಾರವಾಡದ ಪಾವಟೆ ನಗರದಾಗಿನ ವಿಶ್ವವಿದ್ಯಾಲಯಕ್ಕ ಒಂದ ಸಲ ಹೋಗಿ ವಿಚಾರಿಸಿ ಬರ್ರಿ, ಆಮ್ಯಾಲ ಅದಕ್ಕಂತನ ರಜಾ ಹಾಕಿ ಪುಣೆಯಿಂದ ಬರಬೇಕಾಗ್ತೈತಿ. ಕೆಲವು ಕಂಪನಿ ಪೊಲೀಸ್ ವೆರಿಫಿಕೇಶನ್ ಕೇಳ್ತಾವ, ಅದಕ್ಕ ಕರ್ನಾಟಕ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ದಾಗ ಅರ್ಜಿ ಹಾಕಬಹುದು. ಇನ್ನ ಒಂದು, ಹಳೇ ಮೊಬೈಲ್ ನಂಬರ್ ಬಿಡಬ್ಯಾಡ್ರಿ, ಎಲ್ಲಾ ಒಟಿಪಿ ಅದಕ್ಕ ಬರ್ತಾವ.

ಗಡಿ ದಾಟಿದ್ರ ಏನ್ ಬರ್ತೈತಿ, ಏನ್ ಬರೂದಿಲ್ಲ

ತಾನಾಗೆ ಬರೂದು ಮೊದ್ಲ ಹೇಳಿ ಬಿಡ್ತೀನಿ. ಯುಎಎನ್ ಇಡೀ ದೇಶಕ್ಕ ಒಂದ ನಂಬರ್. ಇಎಸ್‌ಐ (ನೌಕರರ ಆರೋಗ್ಯ ವಿಮೆ) ನಂಬರೂ ಹಂಗ, ತಿಂಗಳಿಗೆ 21,000 ರೂಪಾಯಿ ಒಳಗ ಪಗಾರ ಇದ್ದವ್ರು ಹೊಸ ಕಂಪನಿಗೆ ಹಳೇ ಇಎಸ್‌ಐ ನಂಬರ್ ಕೊಡ್ರಿ, ಹೊಸದು ಮಾಡಿಸಬ್ಯಾಡ್ರಿ. ಡ್ರೈವಿಂಗ್ ಲೈಸೆನ್ಸ್ ಎಲ್ಲಾ ಕಡೆ ನಡೀತೈತಿ. ಐಟಿಐ ಮಾಡಿದವ್ರು ಎನ್‌ಸಿವಿಟಿ ಸರ್ಟಿಫಿಕೇಟ್ ಐತೇನು ನೋಡ್ಕೊಳ್ರಿ, ಅದು ದೇಶದ ಮಟ್ಟದ್ದು. ಆದ್ಯತಾ ರೇಷನ್ ಕಾರ್ಡ್ ಇದ್ದವ್ರು ಆಧಾರ್ ಬೆರಳಚ್ಚು ಕೊಟ್ಟು ಬ್ಯಾರೆ ರಾಜ್ಯದ ಅಂಗಡಿಯಾಗೂ ಕೇಂದ್ರದ ಪಾಲಿನ ಧಾನ್ಯ ತಗೋಬಹುದು, ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆ 2022ಕ್ಕ ಎಲ್ಲಾ ರಾಜ್ಯಕ್ಕೂ ಮುಟ್ಟೇತಿ. ನೌಕರಿ ಇಲ್ಲದ ಮೊದ್ಲಿನ ತಿಂಗಳದಾಗ ಅದೂ ಒಂದು ಆಸರ.

ಬದಲಿ ಮಾಡಿಸಬೇಕಾದ್ದು ಅಂದ್ರ ಕೌನ್ಸಿಲ್ ರಿಜಿಸ್ಟ್ರೇಶನ್. ನರ್ಸ್ ಆಗಿದ್ರ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ದಿಂದ ಎನ್‌ಒಸಿ (ತಕರಾರು ಇಲ್ಲ ಅನ್ನೋ ಪತ್ರ) ತಗೊಂಡು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಾಗ ಹೆಸ್ರು ಹಚ್ಚಬೇಕು, ಫಾರ್ಮಸಿಸ್ಟ್ ಆಗಿದ್ರ ಅಲ್ಲಿನ ರಾಜ್ಯ ಫಾರ್ಮಸಿ ಕೌನ್ಸಿಲ್‌ನಾಗ. ಇದಕ್ಕ ಟೈಮ್ ಹಿಡೀತೈತಿ, ಹಂಗಾಗಿ ನೌಕರಿ ಸಿಕ್ಕ ಮ್ಯಾಲ ಮಾಡಿಸೋಣು ಅಂತ ಕೂಡ್ರಬ್ಯಾಡ್ರಿ, ಊರು ಬಿಡೂದು ಗಟ್ಟಿ ಆದ ದಿನಾನ ಅರ್ಜಿ ಹಾಕ್ರಿ. ಅರ್ಜಿ ಹಾಕಿದ ರಸೀದಿ ತೋರಿಸಿದ್ರ ಎಷ್ಟೋ ಆಸ್ಪತ್ರಿಯವ್ರು ಮಾತಾಡಾಕರ ತಯಾರ ಇರ್ತಾರ.

ಟೀಚರ್‌ಗಳಿಗೆ: ಕರ್ನಾಟಕದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇಲ್ಲಿನ ಸರ್ಕಾರಿ ಸಾಲಿಗೆ, ಮಹಾರಾಷ್ಟ್ರಕ್ಕ ಅವ್ರ ಟಿಇಟಿ ಬ್ಯಾರೆ ಐತಿ. ಊರಿಂದ ಊರಿಗೆ ಬದಲಿ ಆಗೋ ಮನಿತನದವ್ರು ಸಿಬಿಎಸ್‌ಇ ನಡಸೋ ಸಿಟಿಇಟಿ ಬರದು ಇಟ್ಕೊಳ್ರಿ, ಕೇಂದ್ರೀಯ ವಿದ್ಯಾಲಯಕ್ಕ ಅದ ಬೇಕು, ಪಾಸಾದ್ರ ಜೀವನಪೂರ್ತಿ ನಡೀತೈತಿ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಕನ್ನಡ ಮಾಧ್ಯಮದ ಸಾಲಿ ಅದಾವ, ಆ ಭಾಗಕ್ಕ ಹೋದವ್ರು ಅಲ್ಲಿ ವಿಚಾರಿಸೂದು ಮರೀಬ್ಯಾಡ್ರಿ.

ಬರೂದ ಇಲ್ಲ ಅಂದ್ರ ರಾಜ್ಯ ಸರ್ಕಾರದ ನೌಕರಿದಾಗ ಮೀಸಲಾತಿ. ಇದರ ಬಗ್ಗೆ ಯಾರೂ ಮೊದ್ಲ ಬಿಡಿಸಿ ಹೇಳೂದಿಲ್ಲ, ಅರ್ಜಿ ತಿರಸ್ಕಾರ ಆದ ಮ್ಯಾಲ ಗೊತ್ತಾಗ್ತೈತಿ. ಎಸ್‌ಸಿ, ಎಸ್‌ಟಿ ಪಟ್ಟಿ ರಾಜ್ಯಕ್ಕೊಂದು ಇರ್ತೈತಿ, ಒಂದು ರಾಜ್ಯದಿಂದ ಇನ್ನೊಂದಕ್ಕ ಹೋದವ್ರಿಗೆ ಹೊಸ ರಾಜ್ಯದ ಮೀಸಲಾತಿ ಸಿಗೂದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಾಗ ಹೇಳೇತಿ. ನಮ್ಮ 2ಎ, 3ಎ, 3ಬಿ ಎಲ್ಲಾ ಕರ್ನಾಟಕದ ಒಳಗಿನ ಲೆಕ್ಕ. ಆದ್ರ ಕೇಂದ್ರದ ನೌಕರಿ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕು, ಎಸ್‌ಎಸ್‌ಸಿ, ಇವಕ್ಕ ನಿಮ್ಮ ಮೂಲ ರಾಜ್ಯದ ಎಸ್‌ಸಿ, ಎಸ್‌ಟಿ ಸರ್ಟಿಫಿಕೇಟ್ ನಡೀತೈತಿ, ಒಬಿಸಿ ಆದ್ರ ಕೇಂದ್ರದ ಪಟ್ಟಿಯಾಗ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆದಾಗ ಸರ್ಟಿಫಿಕೇಟ್ ಇರಬೇಕು. ಅದನ್ನ ಇಲ್ಲೇ ನಿಮ್ಮ ತಹಶೀಲ್ದಾರ್ ಆಫೀಸಿನಿಂದ ಮಾಡಿಸ್ಕೊಂಡ ಹೋಗ್ರಿ. ಗೋವಾದಾಗ ಸರ್ಕಾರಿ ಹುದ್ದೆಗೆ 15 ವರ್ಷದ ವಾಸ, ಕೊಂಕಣಿ ಎರಡೂ ಕೇಳ್ತಾರ, ತೆಲಂಗಾಣದಾಗ 2018ರ ರಾಷ್ಟ್ರಪತಿ ಆದೇಶದ ಪ್ರಕಾರ ರಾಜ್ಯ ಸರ್ಕಾರದ ಹುದ್ದೆದಾಗ 95% ಸ್ಥಳೀಯರಿಗೆ. ಹಂಗಾಗಿ ಮೊದ್ಲಿನ ವರ್ಷ ಖಾಸಗಿ ನೌಕರಿ ಅಥವಾ ಕೇಂದ್ರದ ಪರೀಕ್ಷೆ, ಈ ಎರಡರ ಕಡೆನ ಲಕ್ಷ್ಯ ಇರ್ಲಿ.

ನಿಮ್ಮ ಕಸಬು ಎಲ್ಲಿ ಬೆಳದೈತಿ ಅಲ್ಲಿ ಹುಡುಕ್ರಿ

ಪುಣೆ ಅಂದ್ರ ಒಂದ ಊರು ಅಂತ ತಿಳ್ಕೋಬ್ಯಾಡ್ರಿ. ಗಾಡಿ, ಬಿಡಿಭಾಗ, ಸಿಎನ್‌ಸಿ, ವೆಲ್ಡಿಂಗ್ ಅಂದ್ರ ಪಿಂಪ್ರಿ-ಚಿಂಚವಾಡ, ಭೋಸರಿ, ಚಾಕಣ, ರಾಂಜಣಗಾಂವ. ಐಟಿ ಅಂದ್ರ ಪಶ್ಚಿಮಕ್ಕ ಹಿಂಜವಡಿ, ಪೂರ್ವಕ್ಕ ಖರಾಡಿ, ಮಗರಪಟ್ಟಾ. ಈ ಕಡೆಯಿಂದ ಆ ಕಡೆ ಹೋಗೂದರಾಗ ದಿನದ ಎರಡ ಮೂರ ತಾಸು ರಸ್ತೆದಾಗ ಹೋಗ್ತೈತಿ. ಅದಕ್ಕ ನೌಕರಿ ಆಗೋ ತನಕ ಬಾಡಿಗಿ ಮನಿ ಮಾಡಬ್ಯಾಡ್ರಿ, ಸಾಧ್ಯ ಆದ್ರ ಸಂಬಂಧಿಕರ ಮನಿಯಾಗೋ ಪಿಜಿದಾಗೋ ಇರ್ರಿ, ಗಂಡನ ಆಫೀಸ್ ಮೊದ್ಲ ಗಟ್ಟಿ ಇದ್ರ ಆ ಭಾಗದ ಸುತ್ತಮುತ್ತ ಹುಡುಕೂದು ಶುರು ಮಾಡ್ರಿ.

ನಮ್ಮ ಭಾಗದ ಕಸಬಿಗೆ ಹೊರಗ ಬೆಲಿ ಐತಿ, ಅದನ್ನ ನಾವ ಸರಿಯಾಗಿ ಹಿಡಿಯೂದಿಲ್ಲ. ಧಾರವಾಡದ ಬೇಲೂರ ಇಂಡಸ್ಟ್ರಿಯಲ್ ಏರಿಯಾದಾಗ ಬಸ್ ಬಾಡಿ ಲೈನ್ ಮ್ಯಾಲ ಕೆಲಸ ಮಾಡಿದ ಹುಡುಗಗ ಚಾಕಣದ ಶಾಪ್ ಫ್ಲೋರ್ ಹೊಸದೇನಲ್ಲ. ಗದಗಕ್ಕ ಮುದ್ರಣ ಕಾಶಿ ಅಂತ ಹೆಸ್ರು ಐತಿ, ಅಲ್ಲಿ ಆಫ್‌ಸೆಟ್ ಮಷಿನ್ ನಡಿಸಿದವ ಪುಣೆದಾಗ ಪ್ಯಾಕೇಜಿಂಗ್ ಪ್ರೆಸ್ ಹುಡುಕಬೇಕು, ಸೆಕ್ಯುರಿಟಿ ಗಾರ್ಡ್ ಕೆಲಸಕ್ಕ ನಿಂದ್ರಬಾರ್ದು. ರಾಣೆಬೆನ್ನೂರ ಕಡೆ ಬೀಜೋತ್ಪಾದನೆ ಪ್ಲಾಟ್ ನೋಡ್ಕೊಂಡ ಅನುಭವ ಇದ್ರ ಮಹಾರಾಷ್ಟ್ರದಾಗ ಜಾಲನಾ ಬೀಜ ಕಂಪನಿಗಳ ಊರು, ಅಲ್ಲಿ ನಿಮ್ಮ ಮಾತು ಅವ್ರಿಗೆ ತಟ್ಟನೆ ತಿಳೀತೈತಿ. ಹುಬ್ಬಳ್ಳಿ ಟ್ರಾನ್ಸ್‌ಪೋರ್ಟ್ ಆಫೀಸಿನಾಗ ಬುಕಿಂಗ್, ಗೋದಾಮು ನೋಡಿದವ್ರಿಗೆ ಚಾಕಣ, ಭಿವಂಡಿದಾಗ ದೊಡ್ಡ ದೊಡ್ಡ ವೇರ್‌ಹೌಸ್ ಅದಾವ. ಗೋವಾಕ್ಕ ಹೋದವ್ರು ಹೊಟೇಲ್ ಕೆಲಸ ಹುಡುಕೂದಿದ್ರ ಸೀಸನ್ ಶುರುವಾಗೂಕಿಂತ ಮೊದ್ಲ, ಅಂದ್ರ ಸೆಪ್ಟೆಂಬರ್ ಹೊತ್ತಿಗೆ ಹೋಗ್ರಿ, ಮಳಿಗಾಲದಾಗ ಹೋದ್ರ ಖಾಲಿ ಕೈ. ಫ್ಯಾಕ್ಟರಿ ಕೆಲಸ ಅಂದ್ರ ವೆರ್ಣಾ.

ಬಯೋಡಾಟಾ ಬರೆಯೂದು

ನಿಮ್ಮ ಹುಬ್ಬಳ್ಳಿ ಕಂಪನಿ ಹೆಸ್ರು ಅಲ್ಲಿನವ್ರಿಗೆ ಗೊತ್ತಿರೂದಿಲ್ಲ. ಹೆಸ್ರ ಮುಂದ ಒಂದ ಸಾಲು ಬರೀರಿ, ಆ ಕಂಪನಿ ಏನ್ ತಯಾರ ಮಾಡ್ತೈತಿ, ಎಷ್ಟು ಮಂದಿ ದುಡೀತಾರ, ಯಾರಿಗೆ ಮಾಲು ಕೊಡ್ತೈತಿ. ಆಮ್ಯಾಲ ಕೆಲಸ ಬಿಡಿಸಿ ಬರೀರಿ: "ಆಪರೇಟರ್" ಅಂದ್ರ ಏನೂ ತಿಳಿಯೂದಿಲ್ಲ, ಯಾವ ಮಷಿನ್, ಫ್ಯಾನಕ್ ಕಂಟ್ರೋಲೋ ಸೀಮೆನ್ಸೋ, ಸೆಟ್ಟಿಂಗ್ ನೀವ ಮಾಡ್ತಿದ್ರೇನು, ಡ್ರಾಯಿಂಗ್ ಓದಾಕ ಬರ್ತೈತೇನು. ಅಕೌಂಟ್ಸ್‌ನವ್ರು ಟ್ಯಾಲಿ ಬರ್ತೈತಿ ಅಂತಷ್ಟ ಬರದು ಸುಮ್ಮನಾಗಬ್ಯಾಡ್ರಿ, ಜಿಎಸ್‌ಟಿ ರಿಟರ್ನ್ ನೀವ ತುಂಬತಿದ್ರೆ ಅದನ್ನ ಬರೀರಿ.

ಮ್ಯಾಲ ವಿಳಾಸದಾಗ ಹೊಸ ಊರ ಹೆಸ್ರು ಹಾಕ್ರಿ, ನೌಕ್ರಿ, ಅಪ್ನಾ, ಲಿಂಕ್ಡ್‌ಇನ್ ಆ್ಯಪ್‌ನಾಗೂ ಲೊಕೇಶನ್ ಬದಲಿ ಮಾಡ್ರಿ, ಹುಬ್ಬಳ್ಳಿ ಅಂತ ಇದ್ರ ಅಲ್ಲಿನ ಎಚ್‌ಆರ್ ನಿಮ್ಮನ್ನ ನೋಡೂದ ಇಲ್ಲ. ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ ಪೂರಾ ಪುಕ್ಕಟೆ, ಅಲ್ಲೂ ಹೆಸ್ರು ಹಚ್ಚಿ ಇಡ್ರಿ. "ಊರು ಯಾಕ ಬಿಟ್ರಿ" ಅಂತ ಇಂಟರ್‌ವ್ಯೂದಾಗ ಕೇಳೇ ಕೇಳ್ತಾರ. ಇದ್ದದ್ದು ಇದ್ದಂಗ ಎರಡ ಮಾತಿನಾಗ ಹೇಳ್ರಿ, "ಮನಿಯವ್ರ ನೌಕರಿ ಇಲ್ಲಿಗೆ ಬಂತು, ನಾವು ಇಲ್ಲೇ ನೆಲಿಸ್ತೀವಿ, ನನಗ ಇಂಥಾ ಕೆಲಸದಾಗ ಇಷ್ಟ ವರ್ಷ ಅನುಭವ ಐತಿ" ಅಂತ. ಅವ್ರಿಗೆ ಇರೋ ಅನುಮಾನ ಒಂದ, ಇವ್ರು ಆರ ತಿಂಗಳಿಗೆ ಬಿಟ್ಟು ಹೋಗ್ತಾರೇನೋ ಅಂತ, ಅದನ್ನ ತೆಗದ್ರ ಸಾಕು.

ಭಾಷೆ ಬಗ್ಗೆ ಹೆದರಬ್ಯಾಡ್ರಿ. ಪುಣೆದಾಗ ಇಂಟರ್‌ವ್ಯೂ ಹಿಂದಿ ಇಂಗ್ಲಿಷ್‌ನಾಗ ಸಾಗ್ತೈತಿ, ಶಾಪ್ ಫ್ಲೋರ್‌ನಾಗ ಮಾತ್ರ ಮರಾಠಿ ಬೇಕ. ನಮ್ಮ ಕಡೆಯವ್ರಿಗೆ ಮರಾಠಿ ಕಿವಿಗೆ ಪರಿಚಯ, ಸಾಲಿಯಾಗ ಹಿಂದಿ ಕಲ್ತಿದ್ರ ಓದಾಕೂ ಬರ್ತೈತಿ, ಮಾತಾಡಾಕ ನಾಚಿಕಿ ಒಂದು ಬಿಟ್ರ ಆತು.

ಮಂದಿ ಕೇಳ್ರಿ, ಆದ್ರ ಸರಿಯಾಗಿ ಕೇಳ್ರಿ

ಆ್ಯಪ್‌ಕ್ಕಿಂತ ಪರಿಚಯದಿಂದ ಬೇಗ ಆಗ್ತೈತಿ ಅನ್ನೂದು ನನ್ನ ಗಟ್ಟಿ ಅಭಿಪ್ರಾಯ. ಪುಣೆದಾಗ ಕನ್ನಡ ಸಂಘ ಐತಿ, ಕಾವೇರಿ ಅಂತ ಶಿಕ್ಷಣ ಸಂಸ್ಥೆನೂ ನಡಸ್ತೈತಿ, ಅಲ್ಲಿ ಒಂದ ಕಾರ್ಯಕ್ರಮಕ್ಕ ಹೋಗಿ ಬಂದ್ರ ನಾಕ ಮಂದಿ ಪರಿಚಯ ಆಗ್ತಾರ. ನಿಮ್ಮ ಐಟಿಐ, ಡಿಪ್ಲೊಮಾ, ಕಾಲೇಜಿನ ಹಳೇ ಬ್ಯಾಚಿನವ್ರು ಯಾರರ ಅಲ್ಲಿದ್ದೇ ಇರ್ತಾರ. ಆದ್ರ "ಕಾಕಾ, ಏನರ ಒಂದು ಕೆಲಸ ಇದ್ರ ಹೇಳ್ರಿ" ಅಂತ ಕೇಳಿದ್ರ ಅವ್ರೂ ಹೂಂ ಅಂತಾರ, ಮರೀತಾರ. "ನಿಮ್ಮ ಕಂಪನಿದಾಗ ಕ್ವಾಲಿಟಿ ಸೆಕ್ಷನ್‌ಗೆ ಮಂದಿ ತಗೋತಾರೇನು, ರೆಫರಲ್ ಹಾಕಾಕ ಆಗ್ತೈತೇನು, ಬಯೋಡಾಟಾ ಈಗ ವಾಟ್ಸಾಪ್ ಮಾಡ್ತೀನಿ" ಅಂತ ಕೇಳ್ರಿ. ಕೆಲಸದ ಹೆಸ್ರು ಹಿಡ್ದು ಕೇಳಿದ್ರ ಮಂದಿ ನಿಜವಾಗ್ಲೂ ಸಹಾಯ ಮಾಡ್ತಾರ.

ಇನ್ನೂ ಹುಬ್ಬಳ್ಳಿದಾಗ ಇದ್ದು ಇಂಟರ್‌ವ್ಯೂಗೆ ಓಡಾಡೋರಿಗೆ ರಾತ್ರಿ ಸ್ಲೀಪರ್ ಬಸ್ಸ ಅನುಕೂಲ, ಮುಂಜಾನೆ ಮುಟ್ಟತೈತಿ. 2024ರ ಸೆಪ್ಟೆಂಬರ್‌ನಾಗ ಶುರುವಾದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ದಿನಾ ಇಲ್ಲ, ವಾರದಾಗ ಕೆಲವು ದಿನ ಮಾತ್ರ, ಅದನ್ನ ನೋಡ್ಕೊಂಡ ಟೈಮ್ ಕೊಡ್ರಿ.

ರೊಕ್ಕ ಕೇಳಿದ್ರ ಅಲ್ಲೇ ಎದ್ದು ಬರ್ರಿ

ಗೇಟ್‌ಪಾಸ್‌ಗೆ, ಯೂನಿಫಾರ್ಮ್‌ಗೆ, ಟ್ರೇನಿಂಗ್‌ಗೆ, ಲ್ಯಾಪ್‌ಟಾಪ್ ಡಿಪಾಸಿಟ್‌ಗೆ ಅಂತ ನೌಕರಿ ಕೊಡೂಕಿಂತ ಮೊದ್ಲ ರೊಕ್ಕ ಕೇಳಿದವ್ರು ಯಾರೂ ಖರೇ ನೌಕರಿ ಕೊಡೋರಲ್ಲ. ಹೊಸ ಊರಾಗ ಕೆಲಸ ಇಲ್ಲದ ಹುಡುಗ್ರನ್ನ ನೋಡಿನ ಇವ್ರು ಬಲಿ ಹಾಕೂದು, ಊರಿಂದ ಅವ್ವ ಕಟ್ಟಿ ಕೊಟ್ಟ ರೊಕ್ಕ ಹಿಂಗ ಹೋದದ್ದು ಕೇಳಿದ್ರ ಹೊಟ್ಟಿ ಉರೀತೈತಿ. ಟೆಲಿಗ್ರಾಮ್‌ನಾಗ ವಿಡಿಯೋ ಲೈಕ್ ಮಾಡ್ರಿ, ಹೊಟೇಲ್‌ಗೆ ರೇಟಿಂಗ್ ಕೊಡ್ರಿ, ದಿನಾ ಸಾವಿರ ಗಳಿಸ್ರಿ ಅನ್ನೂದು ಪೂರಾ ಮೋಸ, ಮೊದ್ಲ ಸ್ವಲ್ಪ ರೊಕ್ಕ ಹಾಕಿ ನಂಬಿಸಿ ಆಮ್ಯಾಲ ದೊಡ್ಡ ಮೊತ್ತ ಕಟ್ಟಿಸ್ಕೋತಾರ. ರೊಕ್ಕ ಹೋಗಿಬಿಟ್ರ ನಾಚಿಕಿ ಪಟ್ಟು ಸುಮ್ಮನ ಕೂಡ್ರಬ್ಯಾಡ್ರಿ, ಆ ಗಳಿಗಿಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ರಿ. ಎಷ್ಟು ಲಗೂನ ಹೇಳ್ತೀರಿ ಅಷ್ಟು ಚಲೋ, ಖಾತೆದಾಗಿನ ರೊಕ್ಕ ತಡಿಯೋ ಸಾಧ್ಯತೆ ಇರ್ತೈತಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಯಾಗೂ ಬಿಟ್ಟು ಬರಬ್ಯಾಡ್ರಿ. ತೋರಿಸ್ರಿ, ಝೆರಾಕ್ಸ್ ಕೊಡ್ರಿ, ವಾಪಸ್ ತಗೊಳ್ರಿ.

ಆಫರ್ ಬಂತು, ಈಗ ಏನ್ ನೋಡಬೇಕು

ಮೊದ್ಲ ಪ್ರಶ್ನೆ: ನೀವು ಯಾರ ರೋಲ್ ಮ್ಯಾಲ, ಅಂದ್ರ ಕಾಗದದ ಮ್ಯಾಲ ಯಾರ ನೌಕರ? ಗೇಟ್ ಮ್ಯಾಲ ದೊಡ್ಡ ಕಂಪನಿ ಹೆಸ್ರು ಇರ್ತೈತಿ, ಅಪಾಯಿಂಟ್‌ಮೆಂಟ್ ಲೆಟರ್ ಮಾತ್ರ ಲೇಬರ್ ಕಾಂಟ್ರಾಕ್ಟರ್ ಹೆಸ್ರಿನಾಗ. ಅದು ತಪ್ಪಲ್ಲ, ಮೊದ್ಲಿನ ನೌಕರಿ ಹಂಗ ಹಿಡದು ಮ್ಯಾಲ ಬಂದವ್ರು ಭಾಳ ಅದಾರ, ಆದ್ರ ಕಣ್ಣು ತೆರೆದು ಹಿಡೀರಿ. ಇಪಿಎಫ್‌ಒ ವೆಬ್‌ಸೈಟ್‌ನಾಗ ಎಸ್ಟಾಬ್ಲಿಶ್‌ಮೆಂಟ್ ಸರ್ಚ್ ಅಂತ ಐತಿ, ಅಲ್ಲಿ ಆ ಕಾಂಟ್ರಾಕ್ಟರ್ ಹೆಸ್ರು ಹಾಕಿದ್ರ ಪಿಎಫ್ ತಿಂಗಳ ತಿಂಗಳ ಕಟ್ಟಾಕತ್ತಾನೋ ಇಲ್ಲೋ ಕಾಣತೈತಿ. ಐದ ನಿಮಿಷದ ಕೆಲಸ. ಲೆಟರ್ ಇಲ್ದ ಬರೇ ಬಾಯಿ ಮಾತಿನ ಮ್ಯಾಲ ಡ್ಯೂಟಿ ಶುರು ಮಾಡಬ್ಯಾಡ್ರಿ.

ಎರಡನೇದು, ಸಿಟಿಸಿ (ಕಂಪನಿ ನಿಮ್ಮ ಮ್ಯಾಲ ಮಾಡೋ ಒಟ್ಟು ಖರ್ಚು) ಅನ್ನೋ ದೊಡ್ಡ ಅಂಕಿ ಬಿಟ್ಟು ಕೈಗೆ ಎಷ್ಟು ಬರ್ತೈತಿ ಕೇಳ್ರಿ. ರಾಜ್ಯ ಬದಲಿ ಆದ್ರ ಕಟಿಂಗೂ ಬದಲಿ ಆಗ್ತೈತಿ: ಕರ್ನಾಟಕದಾಗ 25,000 ರೂಪಾಯಿಗಿಂತ ಕಡಿಮಿ ಪಗಾರ ಇದ್ರ ವೃತ್ತಿ ತೆರಿಗೆ ಇಲ್ಲ, ಮಹಾರಾಷ್ಟ್ರದಾಗ ಗಂಡಸರಿಗೆ 10,000 ದಾಟಿದ್ರ ತಿಂಗಳಿಗೆ 200 ರೂಪಾಯಿ, ಫೆಬ್ರುವರಿದಾಗ 300. ಹೆಣ್ಮಕ್ಕಳಿಗೆ ಅಲ್ಲೂ 25,000 ತನಕ ಇಲ್ಲ. ಹಂಗ ಬಾಡಿಗಿ, ಬಸ್ಸಿನ ಖರ್ಚು, ಊಟ ಕೂಡಿಸಿ ನೋಡ್ರಿ. ಹುಬ್ಬಳ್ಳಿದಾಗ ಸ್ವಂತ ಮನಿಯಾಗ ಇದ್ದು 18,000 ಗಳಿಸಿದ್ದಕ್ಕೂ ಪುಣೆದಾಗ ಬಾಡಿಗಿ ಕೊಟ್ಟು 24,000 ಗಳಿಸಿದ್ದಕ್ಕೂ ಭಾಳ ಫರಕ ಉಳಿಯೂದಿಲ್ಲ. ಅದನ್ನ ಲೆಕ್ಕ ಹಾಕಿ ಪಗಾರ ಕೇಳ್ರಿ, ಹಳೇ ಪಗಾರದ ಮ್ಯಾಲ ಇಷ್ಟು ಪರ್ಸೆಂಟ್ ಅಂತ ಅವ್ರು ಅಂದ್ರ ಒಪ್ಕೋಬ್ಯಾಡ್ರಿ, ಈ ಊರಾಗ ಈ ಕೆಲಸಕ್ಕ ಎಷ್ಟು ನಡದೈತಿ ಅಂತ ಕೇಳ್ಕೊಂಡ ಬಂದಿರ್ರಿ. ಬಾಂಡ್ ಇದ್ರ ಎಷ್ಟು ದಿನದ್ದು, ಬಿಟ್ರ ಎಷ್ಟು ಕಟ್ಟಬೇಕು ಓದಿ ಸಹಿ ಹಾಕ್ರಿ. ಹೆಣ್ಮಕ್ಕಳು ಶಿಫ್ಟ್ ಟೈಮ್, ರಾತ್ರಿ ಬಿಡಾಕ ಗಾಡಿ, 10 ಮಂದಿ ಇಲ್ಲಾ ಅದಕ್ಕಿಂತ ಹೆಚ್ಚು ಇದ್ದ ಕಡೆ ಇರಬೇಕಾದ ಆಂತರಿಕ ದೂರು ಸಮಿತಿ, ಇವನ್ನ ಕೇಳಾಕ ಹಿಂಜರೀಬ್ಯಾಡ್ರಿ.

ಸೇರಿದ ಮ್ಯಾಲ ಮಾಡೂದು

ಹಳೇ ಯುಎಎನ್ ಕೊಟ್ಟು, ಹಳೇ ಪಿಎಫ್ ಆನ್‌ಲೈನ್‌ನಾಗ ಹೊಸದಕ್ಕ ಟ್ರಾನ್ಸ್‌ಫರ್ ಹಾಕ್ರಿ. ತೆಗದು ಖರ್ಚು ಮಾಡೂ ಆಸೆ ಎಲ್ಲಾರಿಗೂ ಬರ್ತೈತಿ, ಆದ್ರ ಪಿಎಫ್ ಪಿಂಚಣಿಗೆ 10 ವರ್ಷದ ಸರ್ವಿಸ್ ಬೇಕು, ಪಿಂಚಣಿ ಪಾಲು ತೆಗದ್ರ ಹಿಂದಿನ ವರ್ಷ ಲೆಕ್ಕಕ್ಕ ಬರೂದಿಲ್ಲ. ಹಳೇ ಕಂಪನಿಯವ್ರು ಬಿಟ್ಟ ತಾರೀಖು ಹಾಕಿಲ್ಲಂದ್ರ ಎರಡ ತಿಂಗಳಾದ ಮ್ಯಾಲ ನೀವ ಹಾಕ್ಕೋಬಹುದು. ವರ್ಷದ ನಡುವ ನೌಕರಿ ಬದಲಿ ಆಗಿದ್ರ ಹಳೇ ಪಗಾರದ ಲೆಕ್ಕ ಹೊಸ ಕಂಪನಿಗೆ ಕೊಡ್ರಿ, ಇಲ್ಲಂದ್ರ ರಿಟರ್ನ್ ತುಂಬೂ ಹೊತ್ತಿಗೆ ಟ್ಯಾಕ್ಸ್ ಒಮ್ಮೆಲೆ ಬೀಳ್ತೈತಿ. ಎರಡನೇ ತಿಂಗಳು ಉಮಂಗ್ ಆ್ಯಪ್‌ನಾಗ ಪಾಸ್‌ಬುಕ್ ತೆಗದು ಪಿಎಫ್ ಬಿದ್ದೈತೇನು ನೋಡ್ರಿ.

ಈಗ ಮನಿ ಹಿಡೀರಿ. ನಮ್ಮ ಕಡೆ 11 ತಿಂಗಳ ಕರಾರು ಛಾಪಾ ಕಾಗದದ ಮ್ಯಾಲ ಬರದು ನೋಟರಿ ಮಾಡಿಸಿದ್ರ ಮುಗೀತು ಅಂತಾರ, ಮಹಾರಾಷ್ಟ್ರದಾಗ ಲೀವ್ ಅಂಡ್ ಲೈಸೆನ್ಸ್ ಕರಾರು (ಅಲ್ಲಿನ ಬಾಡಿಗಿ ಕರಾರು) ರಿಜಿಸ್ಟರ್ ಆಗಲೇಬೇಕು, ಎಷ್ಟ ತಿಂಗಳದ್ದಾದ್ರೂ. ಮನಿ ಮಾಲಕ ಬ್ಯಾಡ ಅಂದ್ರೂ ನೀವು ಹಠ ಹಿಡೀರಿ, ಆ ರಿಜಿಸ್ಟರ್ ಆದ ಕರಾರ ನಿಮ್ಮ ಹೊಸ ವಿಳಾಸದ ಪುರಾವೆ, ಆಧಾರ್ ವಿಳಾಸ, ಗ್ಯಾಸ್, ಬ್ಯಾಂಕ್ ಎಲ್ಲಾ ಅದರಿಂದ ಆಗ್ತಾವ. ಕೆಎ 25 ಬೈಕ್ ಒಯ್ದಿದ್ರ 12 ತಿಂಗಳು ಅದ ನಂಬರಿನ ಮ್ಯಾಲ ಓಡಿಸಬಹುದು. ಅದಕ್ಕಿಂತ ಹೆಚ್ಚು ಇರೂದು ಗಟ್ಟಿ ಆದ್ರ ಧಾರವಾಡ ಆರ್‌ಟಿಒದಿಂದ ಎನ್‌ಒಸಿ ತಗೊಂಡು ಅಲ್ಲಿ ಹೊಸ ನಂಬರ್ ಮಾಡಿಸ್ರಿ, ಹಬ್ಬಕ್ಕ ಊರಿಗೆ ಬಂದಾಗ ಆ ಕೆಲಸ ಮುಗಿಸಿಕೊಂಡ ಹೋದ್ರ ಒಂದ ರಜಾ ಉಳೀತೈತಿ.